ನಾಟಿಂಗ್‌ಹ್ಯಾಮ್ ಫಾರೆಸ್ಟ್: ಇತಿಹಾಸ ಮತ್ತು ಸೀಸನ್ ದಾಖಲೆಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎಂಬ ಇಂಗ್ಲಿಷ್ ಫುಟ್‌ಬಾಲ್ ಕ್ಲಬ್ ಗೆದ್ದ ಇಂಗ್ಲೆಂಡಿನ ಲೀಗ್ ಪ್ರಶಸ್ತಿ ಒಂದೇ ಒಂದು, ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಎರಡು. ಈ ಲೆಕ್ಕ ಕೇಳಿದವರೆಲ್ಲ ಮೊದಲು ‘ಅಚ್ಚಿನ ತಪ್ಪಿರಬೇಕು’ ಅನ್ನುತ್ತಾರೆ. ತಪ್ಪಲ್ಲ. ಫಾರೆಸ್ಟ್ ದಾಖಲೆಗಳನ್ನು ಓದುವಾಗ ಇಂಥ ಗೊಂದಲ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಬಹುಪಾಲು ಗೊಂದಲಕ್ಕೆ ಕಾರಣ ಒಂದೇ: ಅಂಕಿಗಳನ್ನು ಆಯಾ ವರ್ಷದ ನಿಯಮದ ಪಕ್ಕದಲ್ಲಿಟ್ಟು ಓದದಿರುವುದು. ಇಲ್ಲಿನ ವಿವರಗಳು 2024–25ರ ಸೀಸನ್‌ವರೆಗಿನವು.

ಕ್ಲಬ್ ಶುರುವಾದದ್ದು ಯಾವಾಗ?

1865ರಲ್ಲಿ. ನಾಟಿಂಗ್‌ಹ್ಯಾಮ್‌ನ ಶೇಕ್ಸ್‌ಪಿಯರ್ ಸ್ಟ್ರೀಟ್‌ನಲ್ಲಿದ್ದ ಕ್ಲಿಂಟನ್ ಆರ್ಮ್ಸ್ ಎಂಬ ಪಬ್‌ನಲ್ಲಿ ಸೇರಿದ ಒಂದು ಗುಂಪು ಕ್ಲಬ್ ಕಟ್ಟುವ ತೀರ್ಮಾನ ಮಾಡಿತು. ಅವರು ಅಲ್ಲಿಯವರೆಗೆ ಆಡುತ್ತಿದ್ದದ್ದು ಹಾಕಿಯನ್ನು ಹೋಲುವ ಶಿಂಟಿ ಎಂಬ ಆಟ. ನಗರದ ಫಾರೆಸ್ಟ್ ರಿಕ್ರಿಯೇಷನ್ ಗ್ರೌಂಡ್‌ನಲ್ಲಿ ಆಡುತ್ತಿದ್ದರು, ಕ್ಲಬ್ಬಿಗೆ ಫಾರೆಸ್ಟ್ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಅದೇ ಸಭೆಯಲ್ಲಿ ಗೊಂಡೆಯಿರುವ 12 ಕೆಂಪು ಟೋಪಿಗಳನ್ನು ಕೊಳ್ಳಲು ಒಪ್ಪಿಗೆಯಾಯಿತು. ಇಟಲಿಯ ಹೋರಾಟಗಾರ ಗ್ಯಾರಿಬಾಲ್ಡಿಯ ಬೆಂಬಲಿಗರು ತೊಡುತ್ತಿದ್ದ ಕೆಂಪು ಅದು. ಆಗಿನ್ನೂ ತಂಡಗಳು ಅಂಗಿಯ ಬದಲು ಟೋಪಿಯ ಬಣ್ಣದಿಂದ ಗುರುತಾಗುತ್ತಿದ್ದ ಕಾಲ.

ಈ ಕೆಂಪು ಇನ್ನೊಂದು ದೊಡ್ಡ ಕ್ಲಬ್ಬಿಗೂ ದಾಟಿತು. 1886ರಲ್ಲಿ ಲಂಡನ್ನಿನ ವೂಲಿಚ್‌ಗೆ ಕೆಲಸಕ್ಕೆ ಹೋಗಿದ್ದ ಫಾರೆಸ್ಟ್‌ನ ಹಳೆಯ ಆಟಗಾರರು ಅಲ್ಲಿ ಹೊಸ ತಂಡ ಕಟ್ಟುವವರ ಜೊತೆ ಸೇರಿಕೊಂಡಾಗ, ಫಾರೆಸ್ಟ್ ಅವರಿಗೆ ಒಂದು ಜೊತೆ ಕೆಂಪು ಅಂಗಿಗಳನ್ನೂ ಒಂದು ಚೆಂಡನ್ನೂ ಕಳಿಸಿಕೊಟ್ಟಿತು. ಆ ತಂಡವೇ ಆರ್ಸೆನಲ್.

‘ನಾಟ್ಸ್ ಫಾರೆಸ್ಟ್’ ಎಂದು ಹುಡುಕಿದರೆ ಯಾಕೆ ಬೇರೆ ಕ್ಲಬ್ ಸಿಗುತ್ತದೆ?

‘ನಾಟ್ಸ್’ ಎಂಬುದು ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಹ್ರಸ್ವರೂಪ. ಅದು ನೆರೆಯ ನಾಟ್ಸ್ ಕೌಂಟಿ ಕ್ಲಬ್ಬಿಗೆ ಸೇರಿದ್ದು. ಅಕ್ಷರಾನುಕ್ರಮದ ಪಟ್ಟಿಗಳಲ್ಲಿ ಎರಡೂ ಹೆಸರು ಒಂದರ ಕೆಳಗೊಂದು ಬರುವುದರಿಂದ ಸಾಲು ತಪ್ಪಿ ನಕಲಿಸುವುದು ಸಾಮಾನ್ಯ. ‘ಫಾರೆಸ್ಟ್’ ಎಂಬ ಪದ ಹಿಡಿದೇ ಹುಡುಕಿ.

ಸಿಟಿ ಗ್ರೌಂಡ್ ಎಲ್ಲಿದೆ?

ಟ್ರೆಂಟ್ ನದಿಯ ದಕ್ಷಿಣ ದಂಡೆಯಲ್ಲಿ, ವೆಸ್ಟ್ ಬ್ರಿಡ್ಜ್‌ಫರ್ಡ್‌ನಲ್ಲಿ. ನಾಟಿಂಗ್‌ಹ್ಯಾಮ್‌ಗೆ ನಗರದ ಸ್ಥಾನಮಾನ ಸಿಕ್ಕಿದ್ದು 1897ರಲ್ಲಿ. ಮರುವರ್ಷ ಅಂಗಳ ಶುರುವಾದಾಗ ಆ ಸಡಗರಕ್ಕೆ ಇಟ್ಟ ಹೆಸರು ಅದು. ಆಡಳಿತದ ಲೆಕ್ಕದಲ್ಲಿ ಮಾತ್ರ ಅಂಗಳ ನಗರದ ಗಡಿಯಾಚೆ, ರಷ್‌ಕ್ಲಿಫ್ ವ್ಯಾಪ್ತಿಯಲ್ಲಿದೆ. ನಾಟ್ಸ್ ಕೌಂಟಿಯ ಮೆಡೋ ಲೇನ್ ಹೊಳೆಯ ಆಚೆ ದಂಡೆಗೆ, ಕಣ್ಣಳತೆಯಲ್ಲೇ ಕಾಣುತ್ತದೆ. ಇಲ್ಲಿನ ಅತಿ ದೊಡ್ಡ ಪ್ರೇಕ್ಷಕ ಸಂಖ್ಯೆ 49,946. ಅದು 1967ರ ಅಕ್ಟೋಬರ್ 28ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಪಂದ್ಯದಲ್ಲಿ. ಆಗ ಬಹುಪಾಲು ಜನ ನಿಂತು ನೋಡುತ್ತಿದ್ದರು. ಈಗ ಎಲ್ಲರಿಗೂ ಆಸನ ಕಡ್ಡಾಯವಾಗಿರುವುದರಿಂದ ಕ್ರೀಡಾಂಗಣ ವಿಸ್ತರಿಸದ ಹೊರತು ಆ ದಾಖಲೆ ಅಲುಗಾಡುವುದಿಲ್ಲ.

1888ರಲ್ಲಿ ಲೀಗ್ ಶುರುವಾಯಿತಲ್ಲ, ಫಾರೆಸ್ಟ್ ದಾಖಲೆ 1892ರಿಂದ ಯಾಕೆ?

ಫುಟ್‌ಬಾಲ್ ಲೀಗ್ ಕಟ್ಟಿದ 12 ಕ್ಲಬ್‌ಗಳಲ್ಲಿ ನಾಟ್ಸ್ ಕೌಂಟಿ ಇತ್ತು, ಫಾರೆಸ್ಟ್ ಇರಲಿಲ್ಲ. ಅದು 1889ರಲ್ಲಿ ಪ್ರತಿಸ್ಪರ್ಧಿ ಕೂಟವಾದ ಫುಟ್‌ಬಾಲ್ ಅಲಯನ್ಸ್ ಸೇರಿತು, 1891–92ರಲ್ಲಿ ಅದನ್ನು ಗೆದ್ದಿತು. ಆ ಬೇಸಿಗೆಯಲ್ಲಿ ಅಲಯನ್ಸ್ ಲೀಗ್‌ನೊಳಗೆ ವಿಲೀನವಾಗಿ, ಫಸ್ಟ್ ಡಿವಿಷನ್ 16 ತಂಡಗಳಿಗೆ ಹಿಗ್ಗಿತು. ಫಾರೆಸ್ಟ್ ನೇರವಾಗಿ ಅಲ್ಲಿಗೇ ಹೋಯಿತು. ಮೊದಲ ಲೀಗ್ ಪಂದ್ಯ 1892ರ ಸೆಪ್ಟೆಂಬರ್ 3ರಂದು ಎವರ್ಟನ್ ವಿರುದ್ಧ, ಗುಡಿಸನ್ ಪಾರ್ಕ್‌ನಲ್ಲಿ. 2–2 ಡ್ರಾ. ಗುಡಿಸನ್‌ನಲ್ಲಿ ನಡೆದ ಮೊಟ್ಟಮೊದಲ ಲೀಗ್ ಪಂದ್ಯವೂ ಅದೇ. ಅಲಯನ್ಸ್‌ನ ಮೂರು ಸೀಸನ್‌ಗಳನ್ನು ಲೀಗ್ ಲೆಕ್ಕಕ್ಕೆ ಸೇರಿಸಬಾರದು, ಬೇರೆ ಹಾಳೆಯಲ್ಲಿಡಿ.

ಯಾವ ವರ್ಷ ಯಾವ ಹಂತದಲ್ಲಿತ್ತು?

ಡಿವಿಷನ್ ಹೆಸರನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. ಹಂತದ ಸಂಖ್ಯೆ ಬರೆದುಕೊಳ್ಳಿ (1 ಅಂದರೆ ದೇಶದ ಅಗ್ರ ಲೀಗ್, 2 ಅದರ ಕೆಳಗಿನದು):

1892–1906: ಹಂತ 1
1906–07: ಹಂತ 2 (ಚಾಂಪಿಯನ್)
1907–11: ಹಂತ 1
1911–22: ಹಂತ 2 (1921–22ರಲ್ಲಿ ಚಾಂಪಿಯನ್)
1922–25: ಹಂತ 1
1925–49: ಹಂತ 2
1949–51: ಹಂತ 3, ದಕ್ಷಿಣ ವಿಭಾಗ (1950–51ರಲ್ಲಿ ಚಾಂಪಿಯನ್)
1951–57: ಹಂತ 2
1957–72: ಹಂತ 1
1972–77: ಹಂತ 2
1977–93: ಹಂತ 1 (1977–78ರಲ್ಲಿ ಚಾಂಪಿಯನ್)
1993–94: ಹಂತ 2
1994–97: ಹಂತ 1
1997–98: ಹಂತ 2 (ಚಾಂಪಿಯನ್)
1998–99: ಹಂತ 1
1999–2005: ಹಂತ 2
2005–08: ಹಂತ 3
2008–22: ಹಂತ 2
2022ರಿಂದ: ಹಂತ 1

‘1998ರಲ್ಲಿ ಫಸ್ಟ್ ಡಿವಿಷನ್ ಚಾಂಪಿಯನ್’ ಅಂತ ಇದೆ. ಹಾಗಾದರೆ ಲೀಗ್ ಪ್ರಶಸ್ತಿ ಎರಡಾಯಿತಲ್ಲ?

ಇಲ್ಲ, ಒಂದೇ. ಅತಿ ಹೆಚ್ಚು ಕಾಣುವ ತಪ್ಪು ಇದು. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿ ಮೊದಲ ಹಂತವಾಯಿತು. ಹಳೆಯ ಸೆಕೆಂಡ್ ಡಿವಿಷನ್‌ಗೆ ‘ಫಸ್ಟ್ ಡಿವಿಷನ್’ ಎಂದು ಹೆಸರಿಟ್ಟರು, ಥರ್ಡ್ ಡಿವಿಷನ್ ‘ಸೆಕೆಂಡ್’ ಆಯಿತು. 2004ರಲ್ಲಿ ಮತ್ತೆ ಬದಲಾಯಿಸಿ ಎರಡನೇ ಹಂತಕ್ಕೆ ಚಾಂಪಿಯನ್‌ಷಿಪ್, ಮೂರನೆಯದಕ್ಕೆ ಲೀಗ್ ಒನ್ ಎಂದರು. ಹಾಗಾಗಿ 1977–78ರ ಫಸ್ಟ್ ಡಿವಿಷನ್ ದೇಶದ ಅಗ್ರ ಲೀಗ್, 1997–98ರ ಫಸ್ಟ್ ಡಿವಿಷನ್ ಎರಡನೇ ಹಂತ. ಆ ವರ್ಷ ಫಾರೆಸ್ಟ್ 94 ಪಾಯಿಂಟ್ ಗಳಿಸಿ ಬಡ್ತಿ ಪಡೆಯಿತು, ಮರುವರ್ಷವೇ 30 ಪಾಯಿಂಟ್‌ನೊಂದಿಗೆ ಪ್ರೀಮಿಯರ್ ಲೀಗ್‌ನ ತಳ ಹಿಡಿದು ವಾಪಸಾಯಿತು.

1977–78ರ ಸೀಸನ್ ಅಷ್ಟು ವಿಶೇಷ ಯಾಕೆ?

ಹಿಂದಿನ ವರ್ಷ ಎರಡನೇ ಹಂತದಲ್ಲಿದ್ದ ತಂಡ ಅದು, ಅಲ್ಲೂ ಚಾಂಪಿಯನ್ ಆಗಿರಲಿಲ್ಲ. 1976–77ರಲ್ಲಿ ವುಲ್ವ್ಸ್ 57, ಚೆಲ್ಸಿ 55, ಫಾರೆಸ್ಟ್ 52, ಬೋಲ್ಟನ್ 51. ಮೂರನೇ ಸ್ಥಾನ, ಒಂದು ಪಾಯಿಂಟ್ ಅಂತರದಲ್ಲಿ ಬಡ್ತಿ. ಪ್ಲೇ–ಆಫ್ (ನೇರ ಬಡ್ತಿ ಸಿಗದ ಮುಂದಿನ ಸ್ಥಾನದವರು ಬಡ್ತಿಗಾಗಿ ಮತ್ತೆ ಆಡುವ ಪಂದ್ಯಗಳು) ಪದ್ಧತಿ ಆಗ ಇರಲಿಲ್ಲ, ಮೊದಲ ಮೂವರು ನೇರ ಮೇಲೆ ಹೋಗುತ್ತಿದ್ದರು. ಇಂದಿನ ನಿಯಮವಿದ್ದಿದ್ದರೆ ಫಾರೆಸ್ಟ್ ಪ್ಲೇ–ಆಫ್ ಆಡಬೇಕಾಗುತ್ತಿತ್ತು. ಮುಂದಿನ ಇಡೀ ಕಥೆ ಆ ಒಂದು ಪಾಯಿಂಟಿನ ಮೇಲೆ ನಿಂತಿದೆ.

ಮ್ಯಾನೇಜರ್ ಬ್ರಯಾನ್ ಕ್ಲಫ್ 1975ರ ಜನವರಿ 6ರಂದು ಬಂದಿದ್ದರು. ಅವರ ಜೊತೆಗಾರ ಪೀಟರ್ ಟೇಲರ್ ಸೇರಿಕೊಂಡದ್ದು 1976ರ ಬೇಸಿಗೆಯಲ್ಲಿ. ಆಟಗಾರರನ್ನು ಹುಡುಕಿ ತೂಗಿನೋಡುವ ಕಣ್ಣು ಟೇಲರ್ ಅವರದು. ಬಡ್ತಿಯ ನಂತರ ಕೆನ್ನಿ ಬರ್ನ್ಸ್, ಆರ್ಚಿ ಜೆಮಿಲ್, ಗೋಲ್‌ಕೀಪರ್ ಪೀಟರ್ ಶಿಲ್ಟನ್ ಬಂದರು. ಮುನ್ಪಡೆಯಲ್ಲಿ ಆಡುತ್ತಿದ್ದ ಬರ್ನ್ಸ್ ಅವರನ್ನು ರಕ್ಷಣೆಗೆ ಇಳಿಸಿದರು. ಆ ವರ್ಷ ಫುಟ್‌ಬಾಲ್ ಬರಹಗಾರರು ಆರಿಸಿದ ವರ್ಷದ ಆಟಗಾರ ಬರ್ನ್ಸ್, ಆಟಗಾರರೇ ಆರಿಸಿದ ವರ್ಷದ ಆಟಗಾರ ಶಿಲ್ಟನ್.

ಲೆಕ್ಕ ನೋಡಿ. 42 ಪಂದ್ಯ, 25 ಗೆಲುವು, 14 ಡ್ರಾ, 3 ಸೋಲು, ಹೊಡೆದ ಗೋಲು 69, ಬಿಟ್ಟದ್ದು 24, ಪಾಯಿಂಟ್ 64. ತವರಿನ 21 ಪಂದ್ಯಗಳಲ್ಲಿ 15 ಗೆಲುವು, 6 ಡ್ರಾ, ಸೋಲೇ ಇಲ್ಲ. ಬಿಟ್ಟದ್ದು 8 ಗೋಲು ಮಾತ್ರ. ಮೂರೂ ಸೋಲು ಹೊರಗಿನವು: ಆರ್ಸೆನಲ್, ಚೆಲ್ಸಿ, ಲೀಡ್ಸ್. ಶಿಲ್ಟನ್ ಬರುವ ಮೊದಲಿನ ಐದು ಪಂದ್ಯಗಳಲ್ಲಿ 6 ಗೋಲು ಬಿಟ್ಟಿದ್ದ ತಂಡ ಉಳಿದ 37ರಲ್ಲಿ ಬಿಟ್ಟದ್ದು 18. ಈ ಸೀಸನ್ ಬಗ್ಗೆ ಮಾತಾಡುವಾಗ ಎಲ್ಲರೂ ಕ್ಲಫ್ ಮಾತಿನ ಚಮತ್ಕಾರಕ್ಕೆ ಹೋಗುತ್ತಾರೆ. ನಿಜವಾಗಿ ನೋಡಬೇಕಾದದ್ದು ಆ 18 ಎಂಬ ಅಂಕಿ. 1978ರ ಏಪ್ರಿಲ್ 22ರಂದು ಕೊವೆಂಟ್ರಿಯಲ್ಲಿ 0–0 ಡ್ರಾ ಮಾಡಿಕೊಂಡಾಗ ಪ್ರಶಸ್ತಿ ಖಚಿತವಾಯಿತು. ಎರಡನೇ ಸ್ಥಾನದ ಲಿವರ್‌ಪೂಲ್ 57ಕ್ಕೆ ನಿಂತಿತು.

64 ಪಾಯಿಂಟ್‌ಗೆ ಚಾಂಪಿಯನ್ ಆಗಲು ಸಾಧ್ಯವೇ? ಈಗ ಅಷ್ಟಕ್ಕೆ ಆರು, ಏಳನೇ ಸ್ಥಾನ ಸಿಗುತ್ತದೆ.

1980–81ರವರೆಗೆ ಗೆಲುವಿಗೆ 2 ಪಾಯಿಂಟ್. 1981–82ರಿಂದ 3. ಡ್ರಾಗೆ ಯಾವಾಗಲೂ 1. ಹಳೆಯ ಸೀಸನ್ನನ್ನು ಹೊಸ ಅಳತೆಗೆ ತರಲು ಪಾಯಿಂಟ್‌ಗೆ ಗೆಲುವುಗಳ ಸಂಖ್ಯೆ ಕೂಡಿಸಿದರೆ ಸಾಕು: 64 + 25 = 89.

ಇದನ್ನು ಮನದಟ್ಟು ಮಾಡಿಕೊಳ್ಳಲು ಫಾರೆಸ್ಟ್ ದಾಖಲೆಯಲ್ಲೇ ಒಂದು ಸೊಗಸಾದ ಜೋಡಿ ಇದೆ. 1988–89ರಲ್ಲೂ ತಂಡ ಗಳಿಸಿದ್ದು 64 ಪಾಯಿಂಟ್. ಆದರೆ ಅದು 38 ಪಂದ್ಯಗಳಲ್ಲಿ, 17 ಗೆಲುವು 13 ಡ್ರಾ 8 ಸೋಲಿನಿಂದ, ಗೆಲುವಿಗೆ 3ರ ಲೆಕ್ಕದಲ್ಲಿ. ಸ್ಥಾನ 3, ಅಗ್ರದ ಆರ್ಸೆನಲ್‌ಗಿಂತ 12 ಪಾಯಿಂಟ್ ಹಿಂದೆ. ಹಳೆಯ ಲೆಕ್ಕದಲ್ಲಿ ಅದು ಬರೀ 47. ಅಂದರೆ 64 ಮತ್ತು 64 ಪಕ್ಕಪಕ್ಕ ಇಟ್ಟರೂ ಅವು ಒಂದೇ ಅಲ್ಲ.

ಪಂದ್ಯಗಳ ಸಂಖ್ಯೆಯೂ ಬದಲಾಗುತ್ತಲೇ ಬಂದಿದೆ. ಅಗ್ರ ಹಂತದಲ್ಲಿ 1892–93ರಲ್ಲಿ 30 ಪಂದ್ಯ, 1898–99ರಿಂದ 34, 1905–06ರಿಂದ 38, 1919–20ರಿಂದ 42. 1987–88ರಲ್ಲಿ 21 ತಂಡಗಳಿದ್ದವು, 40 ಪಂದ್ಯ. ನಂತರ ಮೂರು ಸೀಸನ್ 38, ಮತ್ತೆ 1991–92ರಿಂದ 42, 1995–96ರಿಂದ ಇಂದಿನವರೆಗೆ 38. ಆದ್ದರಿಂದ ಬೇರೆ ಬೇರೆ ಕಾಲದ ಸೀಸನ್ ಹೋಲಿಸುವಾಗ ಎರಡು ಕೆಲಸ ಮಾಡಿ: ಮೊದಲು ಎಲ್ಲವನ್ನೂ ಗೆಲುವಿಗೆ 3ರ ಲೆಕ್ಕಕ್ಕೆ ತನ್ನಿ, ಆಮೇಲೆ ಪಂದ್ಯಗಳ ಸಂಖ್ಯೆಯಿಂದ ಭಾಗಿಸಿ. 1977–78ಕ್ಕೆ ಪಂದ್ಯಕ್ಕೆ 2.12 ಬರುತ್ತದೆ, 1994–95ಕ್ಕೆ (42 ಪಂದ್ಯ, 77 ಪಾಯಿಂಟ್, 3ನೇ ಸ್ಥಾನ) 1.83, 2024–25ಕ್ಕೆ (38 ಪಂದ್ಯ, 65 ಪಾಯಿಂಟ್, 7ನೇ ಸ್ಥಾನ) 1.71.

ಒಂದು ಎಚ್ಚರಿಕೆ. ಈ ಪರಿವರ್ತನೆ ಹೋಲಿಕೆಗಷ್ಟೇ. ಗೆಲುವಿಗೆ 2 ಇದ್ದ ಕಾಲದಲ್ಲಿ ಹೊರಗಿನ ಪಂದ್ಯದ ಡ್ರಾ ಬೆಲೆಯುಳ್ಳ ಫಲಿತಾಂಶ, ತಂಡಗಳು ಹಾಗೆಯೇ ಆಡುತ್ತಿದ್ದವು. ಮೂಲ ದಾಖಲೆಯ ಕಾಲಂನಲ್ಲಿ 64 ಅಂತಲೇ ಇರಲಿ, 89ಕ್ಕೆ ಬೇರೆ ಕಾಲಂ ಮಾಡಿ.

ಗೋಲ್ ಆವರೇಜ್ ಅಂದರೇನು? ಗೋಲ್ ಡಿಫರೆನ್ಸ್‌ಗಿಂತ ಅದು ಹೇಗೆ ಬೇರೆ?

ಪಾಯಿಂಟ್ ಸಮವಾದಾಗ ಈಗ ಹೊಡೆದ ಗೋಲಿನಿಂದ ಬಿಟ್ಟ ಗೋಲನ್ನು ಕಳೆಯುತ್ತಾರೆ. 1976–77ಕ್ಕೆ ಮೊದಲು ಭಾಗಿಸುತ್ತಿದ್ದರು. ಭಾಗಾಕಾರದಲ್ಲಿ ಕಡಿಮೆ ಗೋಲು ಬಿಟ್ಟ ತಂಡಕ್ಕೆ ಲಾಭ ಹೆಚ್ಚು: 20 ಹೊಡೆದು 10 ಬಿಟ್ಟವರ ಸರಾಸರಿ 2, 60 ಹೊಡೆದು 40 ಬಿಟ್ಟವರದು 1.5, ಡಿಫರೆನ್ಸ್‌ನಲ್ಲಿ ಮಾತ್ರ ಎರಡನೆಯವರೇ ಮುಂದೆ.

ಫಾರೆಸ್ಟ್ ಪಾಲಿಗೆ ಇದು ಕಾಗದದ ಮೇಲಿನ ಲೆಕ್ಕವಾಗಿ ಉಳಿಯಲಿಲ್ಲ. 1938–39ರಲ್ಲಿ ಸೆಕೆಂಡ್ ಡಿವಿಷನ್‌ನ ಕೊನೆಯ ದಿನ ಫಾರೆಸ್ಟ್ ನಾರ್ವಿಚ್‌ಗೆ ಹೋಗಿ ಆಡಬೇಕಿತ್ತು, ಇಬ್ಬರಲ್ಲಿ ಒಬ್ಬರು ಥರ್ಡ್ ಡಿವಿಷನ್‌ಗೆ ಇಳಿಯುವ ಸ್ಥಿತಿ. ನಾರ್ವಿಚ್ 1–0 ಗೆದ್ದಿತು. ಇಬ್ಬರೂ 31 ಪಾಯಿಂಟ್. ಫಾರೆಸ್ಟ್ 49 ಹೊಡೆದು 82 ಬಿಟ್ಟಿತ್ತು: 49 ÷ 82 = 0.598. ನಾರ್ವಿಚ್ 50 ಹೊಡೆದು 91 ಬಿಟ್ಟಿತ್ತು: 50 ÷ 91 = 0.549. ಫಾರೆಸ್ಟ್ ಉಳಿಯಿತು. ನಾರ್ವಿಚ್ ಎಷ್ಟು ಅಂತರದಲ್ಲಿ ಗೆಲ್ಲಬೇಕಿತ್ತು ಎಂಬುದನ್ನು ನೀವೇ ಹಾಕಿ ನೋಡಬಹುದು. 3–0 ಆಗಿದ್ದರೆ 52 ÷ 91 = 0.571, ಫಾರೆಸ್ಟ್ 49 ÷ 84 = 0.583, ಇನ್ನೂ ಫಾರೆಸ್ಟೇ ಮೇಲೆ. 4–0 ಆದರೆ 53 ÷ 91 = 0.582, ಫಾರೆಸ್ಟ್ 49 ÷ 85 = 0.576. ಅಲ್ಲಿ ತಕ್ಕಡಿ ವಾಲುತ್ತಿತ್ತು.

ಹಳೆಯ ಪಟ್ಟಿಯನ್ನು ಕಂಪ್ಯೂಟರ್‌ಗೆ ಏರಿಸುವಾಗ ತಂತ್ರಾಂಶ ತಾನಾಗಿಯೇ ಡಿಫರೆನ್ಸ್ ಪ್ರಕಾರ ಜೋಡಿಸಿಬಿಡುತ್ತದೆ. 1976ಕ್ಕೆ ಹಿಂದಿನ ಸೀಸನ್‌ಗಳಲ್ಲಿ ಸ್ಥಾನದ ಅಂಕಿಯನ್ನು ಕೈಯಾರೆ ನಮೂದಿಸುವುದೇ ಕ್ಷೇಮ.

ಲೀಗ್ ಒಂದೇ ಗೆದ್ದವರು ಯುರೋಪಿಯನ್ ಕಪ್ ಎರಡು ಗೆದ್ದದ್ದು ಹೇಗೆ?

ಆಗ ಟೂರ್ನಿಗೆ ಪ್ರತಿ ದೇಶದ ಚಾಂಪಿಯನ್ ಮತ್ತು ಹಿಂದಿನ ವರ್ಷ ಕಪ್ ಗೆದ್ದವರಿಗೆ ಮಾತ್ರ ಪ್ರವೇಶ. 1978–79ರಲ್ಲಿ ಫಾರೆಸ್ಟ್ ಇಂಗ್ಲೆಂಡಿನ ಚಾಂಪಿಯನ್ ಆಗಿ ಹೋಯಿತು. ಗೆದ್ದದ್ದರಿಂದ 1979–80ರಲ್ಲಿ ಹಾಲಿ ವಿಜೇತರಾಗಿ ಮತ್ತೆ ಪ್ರವೇಶ ಸಿಕ್ಕಿತು. 1978–79ರ ಲೀಗ್‌ನಲ್ಲಿ ಅವರು 60 ಪಾಯಿಂಟ್‌ನೊಂದಿಗೆ ಎರಡನೆಯವರು, ಚಾಂಪಿಯನ್ ಲಿವರ್‌ಪೂಲ್.

ಮೊದಲ ಸಲ ಎದುರಾಳಿ ಯಾರೆಂದು ಚೀಟಿ ಎತ್ತಿದಾಗ ಮೊದಲ ಸುತ್ತಿಗೇ ಬಂದದ್ದು ಎರಡು ವರ್ಷ ಸತತ ಕಪ್ ಗೆದ್ದಿದ್ದ ಲಿವರ್‌ಪೂಲ್. ಒಂದೇ ದೇಶದವರನ್ನು ಬೇರೆ ಬೇರೆ ಇಡುವ ನಿಯಮ ಇರಲಿಲ್ಲ. ಫೈನಲ್ ಬಿಟ್ಟು ಪ್ರತಿ ಸುತ್ತಿನಲ್ಲೂ ತವರಿನಲ್ಲೊಂದು, ಹೊರಗೊಂದು ಪಂದ್ಯ, ಎರಡರ ಗೋಲು ಕೂಡಿಸಿ ತೀರ್ಮಾನ. ತವರಿನಲ್ಲಿ ಗ್ಯಾರಿ ಬರ್ಟಲ್ಸ್, ಕಾಲಿನ್ ಬ್ಯಾರೆಟ್ ಗೋಲುಗಳಿಂದ 2–0, ಆನ್‌ಫೀಲ್ಡ್‌ನಲ್ಲಿ 0–0. ನಂತರ ಎಇಕೆ ಅಥೆನ್ಸ್ (2–1, 5–1), ಗ್ರಾಸ್‌ಹಾಪರ್ಸ್ (4–1, 1–1). ಸೆಮಿಫೈನಲ್‌ನಲ್ಲಿ ಕೊಲೋನ್ ಸಿಟಿ ಗ್ರೌಂಡ್‌ಗೆ ಬಂದು 3–3 ಮಾಡಿಕೊಂಡಾಗ ಎಲ್ಲರೂ ಫಾರೆಸ್ಟ್ ಕಥೆ ಮುಗಿಯಿತು ಅಂದುಕೊಂಡರು, ಜರ್ಮನಿಯಲ್ಲಿ ಇಯಾನ್ ಬೋಯರ್ ಹೊಡೆದ ಒಂದೇ ಗೋಲು ಫೈನಲ್‌ಗೆ ಒಯ್ದಿತು. 1979ರ ಮೇ 30, ಮ್ಯೂನಿಕ್: ಎಡಬದಿಯಿಂದ ಜಾನ್ ರಾಬರ್ಟ್‌ಸನ್ ಕ್ರಾಸ್, ದೂರದ ಕಂಬದ ಬಳಿ ಟ್ರೆವರ್ ಫ್ರಾನ್ಸಿಸ್ ಹೆಡರ್, ಮಾಲ್ಮೊ ವಿರುದ್ಧ 1–0.

ಎರಡನೇ ವರ್ಷದ ದಾರಿ: ಓಸ್ಟರ್ (2–0, 1–1), ಆರ್ಜೆಶ್ ಪಿಟೆಶ್ಟ್ (2–0, 2–1), ಡೈನಮೊ ಬರ್ಲಿನ್, ಅಯಾಕ್ಸ್ (2–0, 0–1). ಇದರಲ್ಲಿ ಕಠಿಣವಾದದ್ದು ಬರ್ಲಿನ್ ಜೋಡಿ. ತವರಿನಲ್ಲಿ 0–1 ಸೋತು, ಪೂರ್ವ ಜರ್ಮನಿಗೆ ಹೋಗಿ 3–1 ಗೆದ್ದರು. 1980ರ ಮೇ 28ರಂದು ಮ್ಯಾಡ್ರಿಡ್‌ನ ಬರ್ನಬ್ಯೂದಲ್ಲಿ ಕೆವಿನ್ ಕೀಗನ್ ಇದ್ದ ಹ್ಯಾಂಬರ್ಗ್ ವಿರುದ್ಧ 1–0, ಗೋಲು ರಾಬರ್ಟ್‌ಸನ್ ಅವರದೇ. ಒಂದು ಫೈನಲ್‌ಗೆ ಕ್ರಾಸ್, ಇನ್ನೊಂದಕ್ಕೆ ಗೋಲು. ಆ ತಂಡದ ಅಸಲಿ ಕೀಲಿಕೈ ರಾಬರ್ಟ್‌ಸನ್ ಎಂದು ಧೈರ್ಯವಾಗಿ ಹೇಳಬಹುದು.

ಮೂರನೇ ವರ್ಷ ಸಿಎಸ್‌ಕೆಎ ಸೋಫಿಯಾ ಎರಡೂ ಪಂದ್ಯಗಳಲ್ಲಿ 1–0 ಗೆದ್ದು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿತು.

ಟ್ರೆವರ್ ಫ್ರಾನ್ಸಿಸ್ 1979ರ ಫೈನಲ್‌ಗೆ ಮುಂಚೆ ಯುರೋಪಿನಲ್ಲಿ ಯಾಕೆ ಆಡಿಲ್ಲ?

1979ರ ಫೆಬ್ರುವರಿಯಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಯಿಂದ ಬಂದರು. ಬ್ರಿಟನ್ನಿನಲ್ಲಿ ಹತ್ತು ಲಕ್ಷ ಪೌಂಡ್ ದಾಟಿದ ಮೊದಲ ವರ್ಗಾವಣೆ ಅದು. ಸೀಸನ್ ನಡುವೆ ನೋಂದಣಿಯಾದ ಕಾರಣ ಫೈನಲ್‌ವರೆಗೆ ಅವರಿಗೆ ಅರ್ಹತೆ ಇರಲಿಲ್ಲ. ಮ್ಯೂನಿಕ್ ಅವರ ಮೊದಲ ಯುರೋಪಿಯನ್ ಕಪ್ ಪಂದ್ಯ. 1980ರ ಫೈನಲ್ ಪಟ್ಟಿಯಲ್ಲಿ ಅವರ ಹೆಸರಿಲ್ಲದಿರಲು ಕಾರಣ ಹಿಮ್ಮಡಿಯ ಸ್ನಾಯುರಜ್ಜುವಿನ ಗಾಯ.

42 ಪಂದ್ಯ ಸೋಲದ ದಾಖಲೆ ಒಂದೇ ಸೀಸನ್ನಿನದೇ?

ಅಲ್ಲ, ಎರಡು ಸೀಸನ್‌ಗಳಲ್ಲಿ ಹರಡಿದೆ. ಒಂದು ಸೀಸನ್‌ಗೆ 42 ಪಂದ್ಯ ಇದ್ದ ಕಾಲವಾದ್ದರಿಂದ ಈ ಗೊಂದಲ. 1977ರ ನವೆಂಬರ್‌ನಲ್ಲಿ ಲೀಡ್ಸ್‌ನಲ್ಲಿ ಸೋತ ನಂತರ 1978ರ ಡಿಸೆಂಬರ್‌ನಲ್ಲಿ ಆನ್‌ಫೀಲ್ಡ್‌ನಲ್ಲಿ 2–0 ಸೋಲುವವರೆಗೆ: ಆ ಸೀಸನ್ನಿನ ಕೊನೆಯ 26, ಮುಂದಿನದರ ಮೊದಲ 16. ಗೆಲುವು 21, ಡ್ರಾ 21. ಇದು ಲೀಗ್ ಪಂದ್ಯಗಳಿಗೆ ಮಾತ್ರ ಅನ್ವಯ, ನಡುವೆ ಕಪ್ ಪಂದ್ಯದ ಸೋಲು ಲೆಕ್ಕಕ್ಕೆ ಬರುವುದಿಲ್ಲ. 2004ರ ಆಗಸ್ಟ್‌ನಲ್ಲಿ ಆರ್ಸೆನಲ್ ಇದನ್ನು ಮುರಿದು 49ಕ್ಕೆ ಒಯ್ದಿತು.

ಅರ್ಧಕ್ಕೆ ನಿಂತ, ರದ್ದಾದ ಪಂದ್ಯಗಳನ್ನು ಹೇಗೆ ನಮೂದಿಸಬೇಕು?

ಅಧಿಕೃತ ಲೆಕ್ಕದಲ್ಲಿ ಅವು ಇಲ್ಲ, ಆದರೆ ಟಿಪ್ಪಣಿಯಲ್ಲಿ ಇರಲೇಬೇಕು. ಫಾರೆಸ್ಟ್ ಇತಿಹಾಸದಲ್ಲಿ ಇಂಥವು ಹಲವು.

1939–40ರ ಲೀಗ್ ಯುದ್ಧ ಶುರುವಾದೊಡನೆ ಮೂರು ಪಂದ್ಯಗಳ ಬಳಿಕ ನಿಂತು ಅಳಿಸಿಹೋಯಿತು. ಎರಡೂ ಮಹಾಯುದ್ಧಗಳ ಕಾಲದ ಪ್ರಾದೇಶಿಕ ಕೂಟಗಳನ್ನೂ ಆಟಗಾರರ ಲೀಗ್ ಪಂದ್ಯ, ಗೋಲುಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಆ ಪೀಳಿಗೆಯ ಆಟಗಾರರ ಅಂಕಿಗಳು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಬೇರೆ ಬರುವುದು ಇದರಿಂದ.

1968ರ ಆಗಸ್ಟ್ 24ರಂದು ಲೀಡ್ಸ್ ವಿರುದ್ಧದ ಲೀಗ್ ಪಂದ್ಯ ಅರ್ಧವಿರಾಮದಲ್ಲಿ 1–1 ಇದ್ದಾಗ ಸಿಟಿ ಗ್ರೌಂಡ್‌ನ ಮುಖ್ಯ ಸ್ಟ್ಯಾಂಡ್‌ಗೆ ಬೆಂಕಿ ಬಿತ್ತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಪಂದ್ಯ ರದ್ದಾಯಿತು, ನಂತರದ ಕೆಲವು ‘ತವರು’ ಪಂದ್ಯಗಳು ಮೆಡೋ ಲೇನ್‌ನಲ್ಲಿ ನಡೆದವು. ಸ್ಥಳದ ಕಾಲಂನಲ್ಲಿ ಮೆಡೋ ಲೇನ್ ಎಂದಿದ್ದರೂ ಅವು ತವರು ಪಂದ್ಯಗಳೇ.

1974ರ ಮಾರ್ಚ್ 9ರಂದು ಎಫ್‌ಎ ಕಪ್ (ಫುಟ್‌ಬಾಲ್ ಅಸೋಸಿಯೇಷನ್ ನಡೆಸುವ ನಾಕೌಟ್ ಟೂರ್ನಿ) ಆರನೇ ಸುತ್ತಿನಲ್ಲಿ ನ್ಯೂಕಾಸಲ್‌ನಲ್ಲಿ ಫಾರೆಸ್ಟ್ 3–1 ಮುಂದಿತ್ತು, ಎದುರಾಳಿಗಳು ಹತ್ತೇ ಮಂದಿ. ಜನ ಅಂಗಳಕ್ಕೆ ನುಗ್ಗಿದರು, ಆಟ ನಿಂತು ಮತ್ತೆ ಶುರುವಾಗಿ 4–3ಕ್ಕೆ ನ್ಯೂಕಾಸಲ್ ಗೆದ್ದಿತು. ಫುಟ್‌ಬಾಲ್ ಅಸೋಸಿಯೇಷನ್ ಆ ಫಲಿತಾಂಶವನ್ನು ರದ್ದು ಮಾಡಿ ಗುಡಿಸನ್ ಪಾರ್ಕ್‌ನಲ್ಲಿ ಮತ್ತೆ ಆಡಿಸಿತು: 0–0, ಮತ್ತೊಮ್ಮೆ ಅಲ್ಲೇ 0–1. 4–3 ಎಂದು ಎಲ್ಲಾದರೂ ಕಂಡರೆ ಅದು ಲೆಕ್ಕಕ್ಕಿಲ್ಲದ ಪಂದ್ಯ.

1989ರ ಏಪ್ರಿಲ್ 15, ಹಿಲ್ಸ್‌ಬರೊ. ಲಿವರ್‌ಪೂಲ್ ಎದುರಿನ ಎಫ್‌ಎ ಕಪ್ ಸೆಮಿಫೈನಲ್ ಆರು ನಿಮಿಷಕ್ಕೆ ನಿಂತಿತು. ಸ್ಟ್ಯಾಂಡ್‌ನಲ್ಲಿ ಉಂಟಾದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಮೇ 7ರಂದು ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಪಂದ್ಯ ಹೊಸದಾಗಿ ನಡೆದು ಲಿವರ್‌ಪೂಲ್ 3–1 ಗೆದ್ದಿತು. ಆ ಸೀಸನ್ನಿನ ಹಾಳೆಯಲ್ಲಿ ಏಪ್ರಿಲ್ 15ರ ಸಾಲನ್ನು ಖಾಲಿ ಬಿಡಬೇಡಿ. ಸ್ಕೋರ್ ಇಲ್ಲದೆ, ದಿನಾಂಕ ಮತ್ತು 97 ಎಂಬ ಸಂಖ್ಯೆಯೊಂದಿಗೆ ಬರೆಯಿರಿ.

ಇದಕ್ಕೆ ವಿರುದ್ಧವಾದ ಒಂದು ಪ್ರಕರಣವೂ ಇದೆ. 1984ರ ಯುಇಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ತವರಿನಲ್ಲಿ 2–0 ಗೆದ್ದಿದ್ದ ಫಾರೆಸ್ಟ್ ಬೆಲ್ಜಿಯಂನ ಆಂಡರ್ಲೆಕ್ಟ್ ಅಂಗಳದಲ್ಲಿ 3–0 ಸೋತಿತು. ಆಂಡರ್ಲೆಕ್ಟ್ ಕ್ಲಬ್ಬಿನ ಅಂದಿನ ಅಧ್ಯಕ್ಷರು ರೆಫರಿಗೆ ಹಣ ಕೊಟ್ಟಿದ್ದರೆಂಬುದು 1997ರಲ್ಲಿ ಬಯಲಾಯಿತು. ಆದರೂ ಫಲಿತಾಂಶ ಬದಲಾಗಲಿಲ್ಲ, ದಾಖಲೆಯಲ್ಲಿ ಇಂದಿಗೂ 3–0. ಅನ್ಯಾಯ ಎನಿಸಿದರೂ ಹಾಗೆಯೇ ಬರೆಯಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು.

ಗೆದ್ದ ಕಪ್‌ಗಳು ಯಾವುವು?

ಎಫ್‌ಎ ಕಪ್ ಎರಡು. 1898ರಲ್ಲಿ ಡರ್ಬಿ ಕೌಂಟಿ ವಿರುದ್ಧ 3–1, 1959ರಲ್ಲಿ ಲೂಟನ್ ವಿರುದ್ಧ 2–1. 1959ರ ಫೈನಲ್‌ನಲ್ಲಿ ರಾಯ್ ಡ್ವೈಟ್, ಟಾಮಿ ವಿಲ್ಸನ್ ಮೊದಲ 14 ನಿಮಿಷಗಳಲ್ಲೇ ಗೋಲು ಹೊಡೆದರು. ಅರ್ಧ ಗಂಟೆ ದಾಟುತ್ತಿದ್ದಂತೆ ಡ್ವೈಟ್ ಕಾಲು ಮುರಿಯಿತು. ಬದಲಿ ಆಟಗಾರರ ನಿಯಮ ಇನ್ನೂ ಬಂದಿರಲಿಲ್ಲ. ಉಳಿದ ಹೊತ್ತೆಲ್ಲ ಹತ್ತೇ ಮಂದಿ ಹಿಡಿದುಕೊಂಡು ಗೆದ್ದರು. 1991ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಟಾಟನ್‌ಹ್ಯಾಮ್‌ಗೆ 2–1 ಸೋಲು.

ಲೀಗ್ ಕಪ್ (ಲೀಗ್ ಪ್ರಶಸ್ತಿಗಿಂತ ಬೇರೆಯಾದ ನಾಕೌಟ್ ಟೂರ್ನಿ) ನಾಲ್ಕು: 1978, 1979, 1989, 1990. 1978ರದು ವೆಂಬ್ಲಿಯಲ್ಲಿ 0–0, ಓಲ್ಡ್ ಟ್ರ್ಯಾಫರ್ಡ್ ಮರುಪಂದ್ಯದಲ್ಲಿ ರಾಬರ್ಟ್‌ಸನ್ ಪೆನಾಲ್ಟಿಯಿಂದ 1–0. ಶಿಲ್ಟನ್‌ಗೆ ಆ ಟೂರ್ನಿಯಲ್ಲಿ ಆಡುವ ಅರ್ಹತೆ ಇರಲಿಲ್ಲ, ಗೋಲು ಕಾಯ್ದವರು 18ರ ಹರೆಯದ ಕ್ರಿಸ್ ವುಡ್ಸ್. ಜೊತೆಗೆ ಬಾರ್ಸಿಲೋನಾ ವಿರುದ್ಧ ಗೆದ್ದ 1979ರ ಯುರೋಪಿಯನ್ ಸೂಪರ್ ಕಪ್, 1989 ಮತ್ತು 1992ರ ಫುಲ್ ಮೆಂಬರ್ಸ್ ಕಪ್ ಇವೆ. ಕೊನೆಯದು ಪ್ರಾಯೋಜಕರ ಹೆಸರಿನಲ್ಲಿ ಸಿಮೋಡ್ ಕಪ್, ಜೆನಿತ್ ಡೇಟಾ ಸಿಸ್ಟಮ್ಸ್ ಕಪ್ ಎಂದು ಕಾಣಿಸುತ್ತದೆ, ಅವೆಲ್ಲ ಒಂದೇ ಟೂರ್ನಿ.

ಅತಿ ಹೆಚ್ಚು ಪಂದ್ಯ, ಅತಿ ಹೆಚ್ಚು ಗೋಲು ಯಾರದು?

ಪಂದ್ಯ: ಬಾಬ್ ಮೆಕಿನ್ಲಿ, 692 (ಲೀಗ್‌ನಲ್ಲಿ 614). ಗೋಲು: ಗ್ರೆನ್‌ವಿಲ್ ಮಾರಿಸ್, 217 (ಲೀಗ್‌ನಲ್ಲಿ 199). ಒಂದೇ ಲೀಗ್ ಸೀಸನ್‌ನಲ್ಲಿ ವಾಲಿ ಆರ್ಡ್ರನ್, 36, ತಂಡ 110 ಗೋಲು ಸಿಡಿಸಿದ 1950–51ರಲ್ಲಿ. ದೊಡ್ಡ ಗೆಲುವಿಗೆ ಎರಡು ಅಂಕಿ ಕಾಣುತ್ತವೆ, ಎರಡೂ ಸರಿ: 1891ರ ಎಫ್‌ಎ ಕಪ್‌ನಲ್ಲಿ ಕ್ಲ್ಯಾಪ್ಟನ್ ವಿರುದ್ಧ 14–0, ಲೀಗ್‌ನಲ್ಲಿ 1909ರಲ್ಲಿ ಲೆಸ್ಟರ್ ಫಾಸ್ ವಿರುದ್ಧ 12–0.

2005ರಲ್ಲಿ ಏನಾಯಿತು, 2022ರಲ್ಲಿ ಹೇಗೆ ಮರಳಿದರು?

2004–05ರಲ್ಲಿ 44 ಪಾಯಿಂಟ್, 23ನೇ ಸ್ಥಾನ. ಯುರೋಪಿಯನ್ ಕಪ್ ಗೆದ್ದ ಕ್ಲಬ್ಬೊಂದು ತನ್ನ ದೇಶದ ಮೂರನೇ ಹಂತಕ್ಕೆ ಇಳಿದದ್ದು ಅದೇ ಮೊದಲು. 2007–08ರಲ್ಲಿ 82 ಪಾಯಿಂಟ್‌ನೊಂದಿಗೆ ಎರಡನೆಯವರಾಗಿ ಮೇಲೆ ಬಂದರು, ಆಮೇಲೆ 14 ವರ್ಷ ಚಾಂಪಿಯನ್‌ಷಿಪ್‌ನಲ್ಲೇ ಉಳಿದರು.

2021–22ರ ಮೊದಲ ಏಳು ಪಂದ್ಯಗಳಲ್ಲಿ ಸಿಕ್ಕಿದ್ದು ಒಂದು ಪಾಯಿಂಟ್. ಸೆಪ್ಟೆಂಬರ್‌ನಲ್ಲಿ ಸ್ಟೀವ್ ಕೂಪರ್ ಮ್ಯಾನೇಜರ್ ಆದರು. 80 ಪಾಯಿಂಟ್‌ಗೆ ಏರಿ ನಾಲ್ಕನೇ ಸ್ಥಾನ, ಸೆಮಿಫೈನಲ್‌ನಲ್ಲಿ ಶೆಫೀಲ್ಡ್ ಯುನೈಟೆಡ್ ವಿರುದ್ಧ ಪೆನಾಲ್ಟಿಯಲ್ಲಿ ಮೂರನ್ನು ತಡೆದ ಗೋಲ್‌ಕೀಪರ್ ಬ್ರೀಸ್ ಸಾಂಬಾ, ಫೈನಲ್‌ನಲ್ಲಿ ಹಡರ್ಸ್‌ಫೀಲ್ಡ್ ಹೊಡೆದುಕೊಂಡ ಸ್ವಂತ ಗೋಲಿನಿಂದ 1–0. ಅಗ್ರ ಹಂತಕ್ಕೆ 23 ವರ್ಷಗಳ ಬಳಿಕ ವಾಪಸು. ಪ್ಲೇ–ಆಫ್‌ನ ಮೂರು ಪಂದ್ಯಗಳು 46 ಲೀಗ್ ಪಂದ್ಯಗಳ ಲೆಕ್ಕಕ್ಕೆ ಸೇರುವುದಿಲ್ಲ.

2023–24ರ ಪಾಯಿಂಟ್ ಲೆಕ್ಕ ಕೂಡಿಬರುತ್ತಿಲ್ಲ. 9 ಗೆಲುವು, 9 ಡ್ರಾ ಅಂದರೆ 36 ಆಗಬೇಕು, 32 ಎಂದಿದೆ.

ಎರಡೂ ಸರಿ, ನಡುವೆ 4 ಪಾಯಿಂಟ್ ದಂಡ ಇದೆ. ಆಗ ಪ್ರೀಮಿಯರ್ ಲೀಗ್‌ನಲ್ಲಿ ಕ್ಲಬ್‌ಗಳಿಗೆ ಮೂರು ವರ್ಷಗಳ ನಷ್ಟಕ್ಕೆ ಮಿತಿ ಇತ್ತು, ಸಾಮಾನ್ಯವಾಗಿ ವರ್ಷಕ್ಕೆ 3.5 ಕೋಟಿಯಂತೆ 10.5 ಕೋಟಿ ಪೌಂಡ್. ಆ ಮೂರರಲ್ಲಿ ಎರಡು ವರ್ಷ ಫಾರೆಸ್ಟ್ ಚಾಂಪಿಯನ್‌ಷಿಪ್‌ನಲ್ಲಿತ್ತು, ಅಲ್ಲಿ ವರ್ಷಕ್ಕೆ 1.3 ಕೋಟಿ. ಹಾಗಾಗಿ ಮಿತಿ 1.3 + 1.3 + 3.5 = 6.1 ಕೋಟಿ. ಫಾರೆಸ್ಟ್ ಅದನ್ನು 3.45 ಕೋಟಿಯಷ್ಟು ಮೀರಿತ್ತು. 2024ರ ಮಾರ್ಚ್‌ನಲ್ಲಿ ದಂಡ ಬಿತ್ತು, ಮೇಲ್ಮನವಿ ಫಲಿಸಲಿಲ್ಲ. 18ನೇ ಸ್ಥಾನದ ಲೂಟನ್ 26ಕ್ಕೆ ನಿಂತದ್ದರಿಂದ ತಂಡ 17ನೇ ಸ್ಥಾನದಲ್ಲಿ ಉಳಿದುಕೊಂಡಿತು.

2024–25ರಲ್ಲಿ ಏಳನೇ ಸ್ಥಾನ. ಅದಕ್ಕೆ ಕಾನ್ಫರೆನ್ಸ್ ಲೀಗ್ ಅಲ್ಲವೇ? ಯುರೋಪಾ ಲೀಗ್ ಹೇಗೆ?

ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಯುರೋಪಾ ಲೀಗ್ ಎರಡನೇ ದರ್ಜೆಯದು, ಕಾನ್ಫರೆನ್ಸ್ ಲೀಗ್ ಮೂರನೆಯದು. ಮೊದಲು ಸಿಕ್ಕಿದ್ದು ಕಾನ್ಫರೆನ್ಸ್ ಲೀಗೇ. ಎಫ್‌ಎ ಕಪ್ ಗೆದ್ದು ಯುರೋಪಾ ಲೀಗ್‌ಗೆ ಅರ್ಹತೆ ಪಡೆದಿದ್ದ ಕ್ರಿಸ್ಟಲ್ ಪ್ಯಾಲೆಸ್, ಒಬ್ಬರೇ ಹಲವು ಕ್ಲಬ್‌ಗಳ ಒಡೆತನ ಹೊಂದುವುದಕ್ಕೆ ಸಂಬಂಧಿಸಿದ ನಿಯಮದಡಿ ಕೆಳಗಿನ ಟೂರ್ನಿಗೆ ಸರಿಯಿತು, ಆ ಜಾಗ ಫಾರೆಸ್ಟ್‌ಗೆ ಬಂತು. 1995–96ರ ನಂತರ ಕ್ಲಬ್ ಯುರೋಪಿಗೆ ಹೋದದ್ದು ಇದೇ ಮೊದಲು.

ನನ್ನದೇ ಸೀಸನ್ ಪಟ್ಟಿ ತಯಾರಿಸಬೇಕು. ಯಾವ ಕಾಲಂ ಇರಬೇಕು, ತಪ್ಪು ಹಿಡಿಯುವುದು ಹೇಗೆ?

ಸೀಸನ್, ಹಂತದ ಸಂಖ್ಯೆ, ಡಿವಿಷನ್‌ನ ಅಂದಿನ ಹೆಸರು, ಪಂದ್ಯ, ಗೆಲುವು, ಡ್ರಾ, ಸೋಲು, ಹೊಡೆದದ್ದು, ಬಿಟ್ಟದ್ದು, ಅಧಿಕೃತ ಪಾಯಿಂಟ್, ದಂಡ, ಸ್ಥಾನ, ಟಿಪ್ಪಣಿ. ತವರು ಮತ್ತು ಹೊರಗಿನ ಅಂಕಿಗಳನ್ನು ಬೇರೆ ಬೇರೆ ಏರಿಸಿ, ಮೊತ್ತವನ್ನು ಸೂತ್ರದಿಂದ ಪಡೆಯಿರಿ.

ಪ್ರತಿ ಸಾಲಿಗೂ ಗೆಲುವು + ಡ್ರಾ + ಸೋಲು = ಪಂದ್ಯ ಆಗುತ್ತದೆಯೇ ನೋಡಿ. ನಂತರ ಗೆಲುವನ್ನು 2ರಿಂದ ಅಥವಾ 3ರಿಂದ ಗುಣಿಸಿ ಡ್ರಾ ಕೂಡಿಸಿ, ದಂಡ ಕಳೆದು ಪಾಯಿಂಟ್‌ಗೆ ಹೊಂದಿಸಿ. 1980–81 ಮತ್ತು 1981–82ರ ನಡುವೆ ಪಟ್ಟಿಯಲ್ಲಿ ಒಂದು ದಪ್ಪ ಗೆರೆ ಎಳೆಯಿರಿ, ಸೂತ್ರವನ್ನು ಕೆಳಕ್ಕೆ ಎಳೆಯುವಾಗ ಅಲ್ಲೇ ತಪ್ಪಾಗುವುದು.

ಇಡೀ ಡಿವಿಷನ್ ಪಟ್ಟಿ ಏರಿಸಿದ್ದರೆ ಇನ್ನೂ ಗಟ್ಟಿಯಾದ ಪರೀಕ್ಷೆಗಳಿವೆ. ಎಲ್ಲ ತಂಡಗಳು ಹೊಡೆದ ಗೋಲಿನ ಮೊತ್ತ, ಬಿಟ್ಟ ಗೋಲಿನ ಮೊತ್ತಕ್ಕೆ ಸಮ ಇರಬೇಕು. ಗೆಲುವುಗಳ ಮೊತ್ತ ಸೋಲುಗಳ ಮೊತ್ತಕ್ಕೆ ಸಮ. ಡ್ರಾಗಳ ಮೊತ್ತ ಸರಿಸಂಖ್ಯೆಯೇ ಆಗಿರಬೇಕು. ಗೆಲುವಿಗೆ 2 ಇದ್ದ ಕಾಲದಲ್ಲಿ ಪ್ರತಿ ಪಂದ್ಯದಿಂದ ಹೊರಡುವುದು ಎರಡೇ ಪಾಯಿಂಟ್, ಆದ್ದರಿಂದ 22 ತಂಡಗಳ ಡಿವಿಷನ್‌ನಲ್ಲಿ 22 × 21 = 462 ಪಂದ್ಯ, ಒಟ್ಟು 924 ಪಾಯಿಂಟ್, ಒಂದು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೊತ್ತದಲ್ಲಿ ವ್ಯತ್ಯಾಸ 9 ಅಥವಾ ಅದರ ಗುಣಕ ಬಂದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿದೆ (43ರ ಬದಲು 34) ಎಂದು ಹುಡುಕಲು ಶುರುಮಾಡಿ.